ಆರ್‌ನಿಂದ ಕರೆಯುವ ಸಿ ಕೋಡ್ ಒಮ್ಮೆ ಓಡುತ್ತದೆ, ಒಮ್ಮೆ ಬೀಳುತ್ತದೆ. ಎಲ್ಲಿಂದ ಹುಡುಕಲಿ?

ನಾಲೆಬಯಲು, ಮಂಡ್ಯ

ಎಲ್ಲರಿಗೂ ನಮಸ್ಕಾರ. ಕಬ್ಬು, ಭತ್ತದ ಗದ್ದೆಗಳಿಗೆ ನೀರಿನ ಜಮಾ-ಖರ್ಚು ಹಾಕುವ ಕೆಲಸ ನನ್ನದು. ಮಳೆ ಎಷ್ಟು ಬಿತ್ತು, ನಾಲೆಯಿಂದ ಎಷ್ಟು ಬಂತು, ಆವಿಯಾಗಿ ಎಷ್ಟು ಹೋಯಿತು, ಮಣ್ಣಿನಲ್ಲಿ ಎಷ್ಟು ಉಳಿಯಿತು. ಇವತ್ತು ಉಳಿದದ್ದೇ ನಾಳೆಯ ಆರಂಭ. ಹಾಗಾಗಿ ಒಂದೊಂದೇ ದಿನ ಲೆಕ್ಕ ಹಾಕಿಕೊಂಡು ಹೋಗಬೇಕು, ಇಡೀ ಕಾಲಂ ಒಂದೇ ಏಟಿಗೆ ಮಾಡಲು ಆಗುವುದಿಲ್ಲ. ನಾನು ಬಳಸುವುದು ಆರ್ ಅನ್ನುವ ಅಂಕಿಅಂಶದ ಭಾಷೆ. ಅದರಲ್ಲೇ ಲೂಪ್ (ಮತ್ತೆ ಮತ್ತೆ ಓಡುವ ಲೆಕ್ಕ) ಬರೆದರೆ ತುಂಬಾ ನಿಧಾನ. ಅದಕ್ಕೇ ನನಗಿಂತ ಮೊದಲು ಈ ಕೆಲಸ ನೋಡಿಕೊಳ್ಳುತ್ತಿದ್ದವರು ಲೂಪ್ ಭಾಗವನ್ನು ಸಿ ಭಾಷೆಯಲ್ಲಿ ಬರೆದು, ಡಾಟ್ ಕಾಲ್ (ಆರ್‌ನಿಂದ ಸಿ ಕೋಡನ್ನು ಕರೆಯುವ ಫಂಕ್ಷನ್) ಮೂಲಕ ಆರ್‌ಗೆ ಜೋಡಿಸಿದ್ದಾರೆ. ಅವರು ಈಗ ಬೇರೆ ಊರಿಗೆ ಹೋಗಿದ್ದಾರೆ. ಕೋಡ್ ನನ್ನ ಕೈಗೆ ಬಂದಿದೆ.

ತೊಂದರೆ ಇದು. ಒಂದೇ ಮಳೆಮಾಪನ ಕೇಂದ್ರದ ಡೇಟಾ ಕೊಟ್ಟರೆ ಸಲೀಸಾಗಿ ಓಡುತ್ತದೆ. ಜಿಲ್ಲೆಯ ಏಳೂ ತಾಲ್ಲೂಕಿನ ಕೇಂದ್ರಗಳನ್ನು ಒಟ್ಟಿಗೆ ಕೊಟ್ಟರೆ ಬೀಳುತ್ತದೆ, ಅಂದರೆ ಆರ್ ನಡುವೆಯೇ ಮುಚ್ಚಿಹೋಗುತ್ತದೆ. ಅದೂ ಪ್ರತಿ ಸಲ ಅಲ್ಲ. ಕೆಲವೊಮ್ಮೆ ನನ್ನ ಫಂಕ್ಷನ್ ಒಳಗೇ ಬೀಳುತ್ತದೆ. ಕೆಲವೊಮ್ಮೆ ಫಂಕ್ಷನ್ ಮುಗಿದು, ಫಲಿತಾಂಶ ಕೈಗೆ ಬಂದು, ಅದರ ಗ್ರಾಫ್ ಹಾಕಲು ಹೋದಾಗ ಬೀಳುತ್ತದೆ. ಎಲ್ಲಿ ನಿಂತಿತು ಅಂತ ನೋಡೋಣ ಎಂದು ಆರ್ ಕಡೆ ನಡುನಡುವೆ ಕ್ಯಾಟ್ ಸಾಲು (ಪರದೆಗೆ ಬರೆಯುವ ಆಜ್ಞೆ) ಹಾಕಿದರೆ ಬೀಳುವ ಜಾಗವೇ ಬದಲಾಗುತ್ತದೆ. ಆರ್ ಬರೆದು ಓಡಿಸುವ ಆರ್‌ಸ್ಟುಡಿಯೋದಲ್ಲಿ ಬಾಂಬ್ ಚಿತ್ರದ ಕಿಟಕಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಲ್ಯಾಪ್‌ಟಾಪಿನ ರ್‍ಯಾಮ್ ಕೆಟ್ಟಿರಬೇಕು ಅಂತ ಗೆಳೆಯರೊಬ್ಬರು ಹೇಳಿದರು. ಇನ್ನೊಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ, ಅಲ್ಲೂ ಇದೇ ಕಥೆ. ಎರಡರಲ್ಲೂ ಉಬುಂಟು ಇದೆ. ಡೇಟಾವನ್ನು ಆರ್ ಕಡೆಯೇ ಸೋಸಿ ಕೊಡುತ್ತಿದ್ದೇನೆ. ಮೈನಸ್ ಮಳೆ ಇಲ್ಲ. ಕೆ.ಆರ್.ಎಸ್. ಅಣೆಕಟ್ಟಿನ ನೀರಿನ ಮಟ್ಟ ಅದರ ಪೂರ್ಣ ಮಟ್ಟವಾದ 124.80 ಅಡಿ ಮೀರಿದ ಸಾಲು ಇದ್ದರೆ ತೆಗೆದುಹಾಕುತ್ತೇನೆ, ಯಾಕೆಂದರೆ ಅದು ಟೈಪಿಂಗ್ ತಪ್ಪೇ ಆಗಿರಬೇಕು.

ಇನ್ನೊಂದು ಸಣ್ಣ ವಿಷಯ. ಓಡಿ ಮುಗಿದಾಗಲೂ ತಾಲ್ಲೂಕುವಾರು ಮಳೆ ಮೊತ್ತದಲ್ಲಿ ಕೆ.ಆರ್.ಪೇಟೆಗೆ ಸೊನ್ನೆ ಬರುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲವೇನೋ. ಈ ಮೊತ್ತದ ಭಾಗ ಹೊಸದು, ಇನ್ನೂ ಯಾರಿಗೂ ಕೊಟ್ಟಿಲ್ಲ.

ಆರ್ ಚೆನ್ನಾಗಿ ಗೊತ್ತು. ಸಿ ಮಾತ್ರ ಕಾಲೇಜಿನಲ್ಲಿ ಕಲಿತಷ್ಟೇ. ಹೇಗೆ ಹುಡುಕಬೇಕು ಅಂತ ಯಾರಾದರೂ ದಾರಿ ತೋರಿಸಿ.


ಕುಕ್ಕರಹಳ್ಳಿದಡ, ಮೈಸೂರು

ಹಳೇ ಸಿ ಕೋಡ್ ಇಟ್ಟುಕೊಂಡು ಯಾಕೆ ಒದ್ದಾಡುತ್ತೀರಿ ಸರ್? ಆರ್‌ಸಿಪಿಪಿಯಲ್ಲಿ (ಆರ್‌ಗೆ ಸಿ++ ಜೋಡಿಸುವ ಪ್ಯಾಕೇಜ್) ಬರೆದುಬಿಡಿ. ಮೆಮೊರಿ ತಲೆನೋವು ಅದೇ ನೋಡಿಕೊಳ್ಳುತ್ತದೆ. ನಿಮ್ಮ ಲೂಪ್ ಐವತ್ತು ಸಾಲು ದಾಟಲಿಕ್ಕಿಲ್ಲ, ಅಲ್ವಾ?


ಸಂಪಿಗೆಮರ, ಮೈಸೂರು

ಆರ್‌ಸಿಪಿಪಿಗೆ ಆಮೇಲೆ ಹೋಗಬಹುದು, ಒಳ್ಳೆಯದೇ. ಆದರೆ ತಪ್ಪು ಏನು ಅಂತ ತಿಳಿಯದೆ ಕೋಡ್ ಬದಲಾಯಿಸಿದರೆ ಎರಡು ನಷ್ಟ. ಇಲ್ಲಿಯವರೆಗೆ ಬಂದ ಲೆಕ್ಕಗಳಲ್ಲಿ ಯಾವುದನ್ನು ನಂಬಬೇಕು ಅನ್ನುವುದು ಗೊತ್ತಾಗುವುದಿಲ್ಲ. ಮತ್ತೆ, ಎಣಿಕೆಯ ತಪ್ಪು ಇದ್ದರೆ ಅದೂ ಹೊಸ ಕೋಡ್‌ಗೆ ಹಾಗೇ ಹೋಗುತ್ತದೆ. ಅದನ್ನು ಯಾವ ಲೈಬ್ರರಿಯೂ ತಿದ್ದುವುದಿಲ್ಲ.

ನಾನು ಸಂಖ್ಯಾಶಾಸ್ತ್ರದ ಪ್ಯಾಕೇಜ್‌ಗಳ ಸಿ ಭಾಗ ನೋಡಿಕೊಳ್ಳುವವಳು. ನೀವು ಬರೆದ ಲಕ್ಷಣ ಓದಿದ ಕೂಡಲೇ ಒಂದು ಅನುಮಾನ ಬಂತು. ಅದನ್ನು ಕೆಳಗೆ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸಿ ಕೋಡ್ ಬೀಳುವ ಸಾಲು ಬೇರೆ, ತಪ್ಪು ಇರುವ ಸಾಲು ಬೇರೆ. ನಾಲೆ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏರಿ ಒಡೆದಿರುವುದು ಮೇಲೆಲ್ಲೋ, ನೀರಿಲ್ಲ ಅಂತ ಗೊತ್ತಾಗುವುದು ಕೊನೆ ಭಾಗದ ಗದ್ದೆಯವರಿಗೆ. ಗ್ರಾಫ್ ಹಾಕುವಾಗ ಬಿತ್ತು ಅಂದರೆ ಗ್ರಾಫ್ ಕೋಡ್ ತಪ್ಪು ಅಂತಲ್ಲ. ಹಾಗಾಗಿ ನಿಮ್ಮ ಕೆಲಸ ಬಿದ್ದ ಸಾಲನ್ನು ದಿಟ್ಟಿಸಿ ಕೂರುವುದಲ್ಲ. ತಪ್ಪಾದ ಜಾಗದಲ್ಲೇ, ತಪ್ಪಾದ ಗಳಿಗೆಯಲ್ಲೇ ಅದು ಬೀಳುವಂತೆ ಮಾಡುವುದು. ಎಲ್ಲ ಉಪಕರಣಗಳೂ ಇರುವುದು ಇದಕ್ಕೇ.

ಮೊದಲು ಆರ್‌ಸ್ಟುಡಿಯೋ ಬಿಟ್ಟು ಟರ್ಮಿನಲ್‌ನಲ್ಲಿ ಆರ್ ತೆರೆಯಿರಿ. ಅಲ್ಲಿ ಬಿದ್ದರೆ ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ತಪ್ಪು) ಅಂತ ಹೇಳಿ, ಯಾವ ವಿಳಾಸ ಮುಟ್ಟಲು ಹೋಯಿತು, ಕಾರಣ ಏನು, ಆರ್ ಕಡೆ ಯಾವ ಫಂಕ್ಷನ್‌ನಿಂದ ಯಾವುದನ್ನು ಕರೆದಿತ್ತು, ಎಲ್ಲ ತೋರಿಸುತ್ತದೆ. ಕಾರಣದ ಜಾಗದಲ್ಲಿ ಮೆಮೊರಿ ನಾಟ್ ಮ್ಯಾಪ್ಡ್ (ಆ ವಿಳಾಸದಲ್ಲಿ ಪ್ರೋಗ್ರಾಮಿಗೆ ಮೆಮೊರಿಯೇ ಇಲ್ಲ) ಅಂತ ಇರುತ್ತದೆ ಅಂದುಕೊಂಡಿದ್ದೇನೆ. ಕೊನೆಯಲ್ಲಿ ನಾಲ್ಕು ಆಯ್ಕೆ ಕೊಡುತ್ತದೆ. ನಾಲ್ಕನೆಯದು ವರ್ಕ್‌ಸ್ಪೇಸ್ ಉಳಿಸಿ ಹೊರಗೆ ಹೋಗುವುದು. ಅದನ್ನು ದಯವಿಟ್ಟು ಒತ್ತಬೇಡಿ. ಮೆಮೊರಿ ಹಾಳಾಗಿರುವಾಗ ಉಳಿಸಿದ ವರ್ಕ್‌ಸ್ಪೇಸನ್ನು ನಂಬಲಾಗುವುದಿಲ್ಲ.

ಎರಡನೆಯದು, ಡೀಬಗ್‌ಗೆ (ತಪ್ಪು ಹುಡುಕುವುದಕ್ಕೆ) ತಕ್ಕಂತೆ ಕಂಪೈಲ್ ಮಾಡುವುದು. ಆರ್ ಸಾಮಾನ್ಯವಾಗಿ ಓ-ಎರಡು ಮಟ್ಟದ ಆಪ್ಟಿಮೈಸೇಶನ್ (ವೇಗಕ್ಕಾಗಿ ಕೋಡ್ ಮಾರ್ಪಾಟು) ಹಾಕುತ್ತದೆ. ಆಗ ಡೀಬಗರ್ ಒಳಗೆ ವೇರಿಯಬಲ್ ಕೇಳಿದರೆ ಆಪ್ಟಿಮೈಸ್ಡ್ ಔಟ್ ಅಂತ ಬರುತ್ತದೆ, ಸಾಲುಗಳೂ ಹಿಂದೆ ಮುಂದೆ ಜಿಗಿಯುತ್ತವೆ. ನಿಮ್ಮ ಹೋಮ್ ಫೋಲ್ಡರ್‌ನ ಡಾಟ್-ಆರ್ ಫೋಲ್ಡರಿನಲ್ಲಿ ಮೇಕ್‌ವಾರ್ಸ್ ಅಂತ ಫೈಲ್ ಮಾಡಿ. ಅದರಲ್ಲಿ ಸಿಫ್ಲ್ಯಾಗ್ಸ್‌ಗೆ (ಕಂಪೈಲರ್‌ಗೆ ಕೊಡುವ ಸೂಚನೆಗಳು) ಡ್ಯಾಶ್-ಜಿ (ಡೀಬಗ್ ಮಾಹಿತಿ ಇಡು) ಮತ್ತು ಡ್ಯಾಶ್-ಓ-ಸೊನ್ನೆ (ಆಪ್ಟಿಮೈಸೇಶನ್ ಬೇಡ) ಕೊಡಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಪ್ಯಾಕೇಜ್ ಒಳಗಿನ ಮೇಕ್‌ವಾರ್ಸ್‌ನಲ್ಲಿ ಪಿಕೆಜಿ-ಸಿಫ್ಲ್ಯಾಗ್ಸ್‌ಗೆ ಓ-ಸೊನ್ನೆ ಹಾಕಿದರೆ ಪ್ರಯೋಜನವಿಲ್ಲ. ಕಂಪೈಲ್ ಸಾಲಿನಲ್ಲಿ ಅದು ಮೊದಲು ಬರುತ್ತದೆ, ಆರ್‌ನ ಓ-ಎರಡು ಆಮೇಲೆ ಬರುತ್ತದೆ. ಕೊನೆಗೆ ಬಂದದ್ದೇ ಗೆಲ್ಲುತ್ತದೆ. ಕಂಪೈಲ್ ಆಗಿ ಬಂದ ಹಳೆಯ ಡಾಟ್-ಓ, ಡಾಟ್-ಎಸ್ಒ ಫೈಲುಗಳನ್ನೂ ಅಳಿಸಿ. ಫ್ಲ್ಯಾಗ್ ಬದಲಾಗಿದೆ ಅಂತ ಕಂಪೈಲ್ ನಡೆಸುವ ಮೇಕ್‌ಗೆ ತಿಳಿಯುವುದಿಲ್ಲ. ಹಳೆಯ ಫೈಲನ್ನೇ ಇಟ್ಟುಕೊಂಡು ಎಲ್ಲ ಸರಿಯಾಗಿದೆ ಅನ್ನುತ್ತದೆ. ಕಂಪೈಲ್ ಆದ ಮೇಲೆ ಆರ್ ಮುಚ್ಚಿ ಹೊಸದಾಗಿ ತೆರೆಯಿರಿ.

ಆಮೇಲೆ ಜಿಡಿಬಿ ಅನ್ನುವ ಡೀಬಗರ್. ಟರ್ಮಿನಲ್‌ನಲ್ಲಿ ಆರ್ ಅಂತ ಬರೆದು, ಡ್ಯಾಶ್-ಡಿ ಹಾಕಿ, ಜಿಡಿಬಿ ಅನ್ನಿ. ಜಿಡಿಬಿ ತೆರೆದುಕೊಳ್ಳುತ್ತದೆ. ರನ್ ಅಂದರೆ ಒಳಗೆ ಆರ್ ಶುರುವಾಗುತ್ತದೆ. ನಿಮ್ಮ ಎಸ್ಒ ಫೈಲನ್ನು ಲೋಡ್ ಮಾಡಿ, ಕಂಟ್ರೋಲ್-ಸಿ ಒತ್ತಿದರೆ ಮತ್ತೆ ಜಿಡಿಬಿ ಕೈಗೆ ಬರುತ್ತದೆ. ಅಲ್ಲಿ ನಿಮ್ಮ ಸಿ ಫಂಕ್ಷನ್ ಹೆಸರಿಗೆ ಬ್ರೇಕ್ ಹಾಕಿ, ಕಂಟಿನ್ಯೂ ಅಂದು, ಆರ್ ಕಡೆಯಿಂದ ಕರೆಯಿರಿ. ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ನೆಕ್ಸ್ಟ್ ಅನ್ನುತ್ತಾ ಒಂದೊಂದೇ ಸಾಲು ಹೋಗಿ. ಬಿದ್ದ ಮೇಲೆ ಬಿಟಿ ಅಂದರೆ ಯಾರು ಯಾರನ್ನು ಕರೆದರು ಅನ್ನುವ ಸರಣಿ ಬರುತ್ತದೆ. ಅದರಲ್ಲಿ ಹೆಚ್ಚಿನ ಸಾಲುಗಳು ಆರ್‌ನ ಒಳಗಿನವು. ನಿಮ್ಮ ಫೈಲಿನ ಹೆಸರು ಇರುವ ಸಾಲು ಹುಡುಕಿ, ಆ ಫ್ರೇಮ್‌ಗೆ (ಸರಣಿಯ ಆ ಮೆಟ್ಟಿಲಿಗೆ) ಹೋಗಿ, ಲೂಪ್ ಎಣಿಕೆ ಎಷ್ಟರಲ್ಲಿದೆ ಅಂತ ಪ್ರಿಂಟ್ ಮಾಡಿ. ಆರ್ ವಸ್ತುವನ್ನು ಜಿಡಿಬಿಯಲ್ಲಿ ಪ್ರಿಂಟ್ ಮಾಡಿದರೆ ಬರೀ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ಬರುತ್ತದೆ. ಅದರ ಬದಲು ಕಾಲ್ ಅಂತ ಹಾಕಿ ಆರ್‌ನದೇ ಆದ ಪ್ರಿಂಟ್‌ವ್ಯಾಲ್ಯೂ ಫಂಕ್ಷನ್ನನ್ನು ಕರೆಯಿರಿ. ಆರ್‌ನಲ್ಲಿ ಕಾಣುವ ಹಾಗೇ ವೆಕ್ಟರ್ (ಸಂಖ್ಯೆಗಳ ಸಾಲು) ಕಾಣುತ್ತದೆ.

ಈಗ ನನ್ನ ಅನುಮಾನ. ಇದು ಪ್ರೊಟೆಕ್ಟ್ ತಪ್ಪು, ಅಂದರೆ ಈ ವಸ್ತು ನನಗೆ ಇನ್ನೂ ಬೇಕು ಅಂತ ಆರ್‌ಗೆ ಹೇಳದೆ ಬಿಟ್ಟದ್ದು.

ಸಿ ಕೋಡ್‌ನಲ್ಲಿ ಆರ್ ವೆಕ್ಟರ್ ಹುಟ್ಟಿಸಿದಾಗ ಅದು ಇರುವುದು ಆರ್‌ನ ಮೆಮೊರಿಯಲ್ಲಿ. ಆರ್‌ನ ಗಾರ್ಬೇಜ್ ಕಲೆಕ್ಟರ್ ಆಗಾಗ ಬಂದು, ಯಾರಿಗೂ ಬೇಡವಾದದ್ದನ್ನು ಬಿಡುಗಡೆ ಮಾಡುತ್ತದೆ. ಯಾರಿಗೂ ಬೇಡ ಅಂತ ಅದು ಹೇಗೆ ತೀರ್ಮಾನಿಸುತ್ತದೆ? ಆರ್ ಕಡೆಯ ಕೊಂಡಿಗಳನ್ನು ನೋಡುತ್ತದೆ, ಪ್ರೊಟೆಕ್ಟ್ ಸ್ಟ್ಯಾಕ್ (ಪ್ರೊಟೆಕ್ಟ್ ಮಾಡಿದವುಗಳ ಪಟ್ಟಿ) ನೋಡುತ್ತದೆ. ಸಿ ಫಂಕ್ಷನ್ ಒಳಗಿನ ವೇರಿಯಬಲ್‌ಗಳನ್ನು ನೋಡುವುದೇ ಇಲ್ಲ. ನಿಮ್ಮ ವೇರಿಯಬಲ್ ಆ ವೆಕ್ಟರನ್ನು ಹಿಡಿದುಕೊಂಡಿದೆ ಅಂತ ಅದಕ್ಕೆ ಗೊತ್ತಿಲ್ಲ. ಪ್ರೊಟೆಕ್ಟ್ ಮಾಡದೆ ಇನ್ನೊಂದು ವೆಕ್ಟರ್ ಕೇಳಿದಿರಿ ಅಂದುಕೊಳ್ಳಿ. ಆ ಕ್ಷಣಕ್ಕೆ ಕಲೆಕ್ಟರ್ ಬಂದರೆ ಮೊದಲನೆಯದು ಹೋಯಿತು. ಬರದಿದ್ದರೆ ಉಳಿಯಿತು. ಕ್ಯಾಟ್ ಸಾಲು ಹಾಕಿದಾಗ ಬೀಳುವ ಜಾಗ ಬದಲಾಗುವುದು ಇದಕ್ಕೇ. ಕ್ಯಾಟ್ ಕೂಡ ಮೆಮೊರಿ ಕೇಳುತ್ತದೆ, ಕಲೆಕ್ಟರ್ ಬರುವ ಗಳಿಗೆ ಆಚೀಚೆ ಆಗುತ್ತದೆ.

ಸಣ್ಣ ಡೇಟಾಗೆ ಯಾಕೆ ಬೀಳುವುದಿಲ್ಲ ಅನ್ನುವುದನ್ನೂ ಹೇಳುತ್ತೇನೆ. ಕಲೆಕ್ಟರ್ ಬರುವ ಸಾಧ್ಯತೆ ಕಡಿಮೆ ಅನ್ನುವುದು ಒಂದು. ಇನ್ನೊಂದು ಲಿನಕ್ಸ್‌ನಲ್ಲಿ ಮೆಮೊರಿ ತಂದುಕೊಡುವ ಮ್ಯಾಲಕ್ ಫಂಕ್ಷನ್ ನಡೆದುಕೊಳ್ಳುವ ರೀತಿ. ದೊಡ್ಡ ತುಂಡು ಕೇಳಿದರೆ ಅದು ಸಿಸ್ಟಮ್‌ನಿಂದ ಪ್ರತ್ಯೇಕವಾಗಿ ತಂದು ಕೊಡುತ್ತದೆ. ಶುರುವಿನ ಮಿತಿ 128 ಕಿಲೋಬೈಟ್. ಒಂದು ಸಂಖ್ಯೆಗೆ 8 ಬೈಟ್ ಅಂದರೆ 16,384 ಸಂಖ್ಯೆ, ನಿಮ್ಮ ಲೆಕ್ಕದಲ್ಲಿ ಒಂದು ಕೇಂದ್ರದ ಸುಮಾರು 45 ವರ್ಷದ ದಿನಗಳು. ಅಂಥ ದೊಡ್ಡ ತುಂಡನ್ನು ಬಿಡುಗಡೆ ಮಾಡಿದರೆ ಅದು ಸಿಸ್ಟಮ್‌ಗೆ ವಾಪಸ್ ಹೋಗುತ್ತದೆ. ಮುಟ್ಟಿದ ತಕ್ಷಣ ಸೆಗ್‌ಫಾಲ್ಟ್. ಸಣ್ಣ ತುಂಡಾದರೆ ಆರ್ ಪ್ರೋಗ್ರಾಮ್ ಬಳಿಯೇ ಉಳಿಯುತ್ತದೆ. ಅದರಲ್ಲಿ ಬರೆದರೆ ಯಾರೂ ತಡೆಯುವುದಿಲ್ಲ. ಆ ಮಿತಿಯೂ ಒಂದೇ ಕಡೆ ನಿಲ್ಲುವುದಿಲ್ಲ, ದೊಡ್ಡ ತುಂಡು ಬಿಡುಗಡೆಯಾದ ಹಾಗೆ ಮೇಲೇರುತ್ತದೆ. ಒಂದೇ ಡೇಟಾ ಒಮ್ಮೆ ಬಿದ್ದು ಒಮ್ಮೆ ಓಡುವುದಕ್ಕೆ ಇದೂ ಕಾರಣ ಇರಬಹುದು.

ಒಂದು ಕೇಂದ್ರದ ಡೇಟಾ ಸಲೀಸಾಗಿ ಓಡುತ್ತದೆ ಅಂತ ಬರೆದಿದ್ದೀರಿ. ಬೀಳಲಿಲ್ಲ ಅಷ್ಟೇ. ಉತ್ತರ ಸರಿ ಇದೆ ಅಂತ ಅಲ್ಲ.

ಪರೀಕ್ಷೆ ಸುಲಭ. ಆರ್‌ನಲ್ಲಿ ಜಿಸಿ-ಟಾರ್ಚರ್ ಅಂತ ಫಂಕ್ಷನ್ ಇದೆ. ಅದನ್ನು ಆನ್ ಮಾಡಿದರೆ ಪ್ರತಿ ಸಲ ಮೆಮೊರಿ ಕೇಳಿದಾಗಲೂ ಕಲೆಕ್ಟರ್ ಬರುತ್ತದೆ. ಅದೃಷ್ಟದ ಮಾತೇ ಇಲ್ಲ. ತುಂಬಾ ನಿಧಾನ ಆಗುವುದರಿಂದ ಡೇಟಾ ಓದಿ ಮುಗಿದ ಮೇಲೆ, ನಿಮ್ಮ ಡಾಟ್ ಕಾಲ್‌ಗೆ ಸರಿಯಾಗಿ ಹಿಂದಿನ ಸಾಲಿನಲ್ಲಿ ಆನ್ ಮಾಡಿ, ಮುಗಿದ ಕೂಡಲೇ ಆಫ್ ಮಾಡಿ. ಡೇಟಾ ಚಿಕ್ಕದಿರಲಿ, ಎರಡು ತಿಂಗಳ ಮಳೆ ಸಾಕು.

ಏನಾಯಿತು ಅಂತ ಬರೆಯಿರಿ. ಸಿ ಫಂಕ್ಷನ್ ಒಳಗೆ ಯಾವ ಯಾವ ವೆಕ್ಟರ್ ಯಾವ ಕ್ರಮದಲ್ಲಿ ಹುಟ್ಟುತ್ತದೆ, ಯಾವುದಕ್ಕೆ ಪ್ರೊಟೆಕ್ಟ್ ಇದೆ, ತಾಲ್ಲೂಕನ್ನು ಯಾವ ರೂಪದಲ್ಲಿ ಕಳಿಸುತ್ತೀರಿ, ಇಷ್ಟನ್ನೂ ತಿಳಿಸಿ. ಕೆ.ಆರ್.ಪೇಟೆಯ ಸೊನ್ನೆ ನನಗೆ ಸಣ್ಣ ವಿಷಯ ಅನಿಸುತ್ತಿಲ್ಲ.


ನಾಲೆಬಯಲು, ಮಂಡ್ಯ

ಮೇಡಂ, ನೀವು ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬಾ ಧನ್ಯವಾದ. ಹೇಳಿದ ಹಾಗೇ ಮಾಡಿದೆ.

ಟರ್ಮಿನಲ್‌ನಲ್ಲಿ ಮೆಮೊರಿ ನಾಟ್ ಮ್ಯಾಪ್ಡ್ ಅಂತಲೇ ಬಂತು. ಆಮೇಲೆ ಮದ್ದೂರಿನ ಒಂದು ಕೇಂದ್ರದ ಎರಡು ತಿಂಗಳ ಡೇಟಾ ಮಾತ್ರ ಇಟ್ಟುಕೊಂಡು ಜಿಸಿ-ಟಾರ್ಚರ್ ಆನ್ ಮಾಡಿದೆ. ಇಷ್ಟು ಚಿಕ್ಕ ಡೇಟಾ ಯಾವತ್ತೂ ಬಿದ್ದಿರಲಿಲ್ಲ. ಈಗ ತಕ್ಷಣ ನಿಂತಿತು. ಸೆಗ್‌ಫಾಲ್ಟ್ ಕೂಡ ಅಲ್ಲ. ರಿಯಲ್ (ವೆಕ್ಟರಿನ ಪಾಯಿಂಟರ್ ಕೊಡುವ ಫಂಕ್ಷನ್) ಅನ್ನುವುದನ್ನು ನ್ಯೂಮರಿಕ್ (ಸಂಖ್ಯೆಗಳ) ವೆಕ್ಟರ್‌ಗೆ ಮಾತ್ರ ಬಳಸಬಹುದು, ಈ ಟೈಪ್‌ಗೆ ಅಲ್ಲ ಅಂತ ಎರರ್. ಮತ್ತೆ ಓಡಿಸಿದರೆ ಅದೇ ಎರರ್, ಆದರೆ ಟೈಪಿನ ಹೆಸರು ಬೇರೆ! ನಾವು ಕೊಟ್ಟಿರುವುದು ನ್ಯೂಮರಿಕ್ ವೆಕ್ಟರೇ. ಆರ್‌ನ ಎರರ್ ಫಂಕ್ಷನ್‌ಗೆ ಬ್ರೇಕ್ ಹಾಕಿ ಜಿಡಿಬಿಯಲ್ಲಿ ಬಿಟಿ ನೋಡಿದೆ. ದಿನದ ತೇವದ ವೆಕ್ಟರಿನ ಪಾಯಿಂಟರ್ ತೆಗೆಯುವ ಸಾಲನ್ನು ತೋರಿಸಿತು. ಲೂಪ್ ಇನ್ನೂ ಶುರುವೇ ಆಗಿರಲಿಲ್ಲ.

ಫಂಕ್ಷನ್‌ನಲ್ಲಿ ಕ್ರಮ ಹೀಗಿದೆ. ಮೊದಲು ದಿನದ ತೇವಕ್ಕೆ ಒಂದು ವೆಕ್ಟರ್. ಆಮೇಲೆ ತಾಲ್ಲೂಕು ಮೊತ್ತಕ್ಕೆ ಏಳು ಸಂಖ್ಯೆಯ ವೆಕ್ಟರ್, ಅದನ್ನು ಸೊನ್ನೆಯಿಂದ ತುಂಬಿಸಿದ್ದಾರೆ. ಕೊನೆಗೆ ಇವೆರಡನ್ನೂ ಇಟ್ಟು ವಾಪಸ್ ಕೊಡಲು ಲಿಸ್ಟ್. ಪ್ರೊಟೆಕ್ಟ್ ಇರುವುದು ಲಿಸ್ಟ್‌ಗೆ ಮಾತ್ರ. ತಾಲ್ಲೂಕು ಹೋಗುವುದು ಫ್ಯಾಕ್ಟರ್ (ಆರ್‌ನಲ್ಲಿ ವರ್ಗದ ಹೆಸರುಗಳನ್ನು ಇಡುವ ರೂಪ) ಆಗಿ, ಹೆಸರುಗಳು ಇಂಗ್ಲಿಷಿನಲ್ಲಿವೆ. ಸಿ ಕಡೆ ಅದನ್ನು ಇಂಟಿಜರ್ (ಪೂರ್ಣಾಂಕ) ಅಂತ ತೆಗೆದುಕೊಂಡು ನೇರವಾಗಿ ಮೊತ್ತದ ವೆಕ್ಟರಿನ ಸ್ಥಾನಕ್ಕೆ ಬಳಸಿದ್ದಾರೆ.


ಸಂಪಿಗೆಮರ, ಮೈಸೂರು

ಸಿಕ್ಕಿತು. ಎರಡೂ ಸಿಕ್ಕಿತು.

ಟೈಪ್ ಹೆಸರು ಸಲಕ್ಕೊಂದು ಬರುವ ಆ ಎರರ್ ಪ್ರೊಟೆಕ್ಟ್ ತಪ್ಪಿನ ಗುರುತು. ಪ್ರತಿ ಆರ್ ವಸ್ತುವಿನ ತಲೆಯಲ್ಲಿ ಅದರ ಟೈಪ್ ಬರೆದಿರುತ್ತದೆ. ವಸ್ತು ಬಿಡುಗಡೆಯಾದ ಮೇಲೆ ಆ ಜಾಗದಲ್ಲಿ ಮ್ಯಾಲಕ್ ತನ್ನ ಲೆಕ್ಕ ಬರೆದುಕೊಳ್ಳುತ್ತದೆ. ಆರ್ ಅದನ್ನೇ ಟೈಪ್ ಅಂತ ಓದುತ್ತದೆ. ನೋಡಿ, ಈಗ ಬಿದ್ದ ಜಾಗ ತಪ್ಪಿನ ಪಕ್ಕಕ್ಕೇ ಬಂದಿದೆ. ತೇವದ ವೆಕ್ಟರ್ ಹುಟ್ಟಿತು, ಮೊತ್ತದ ವೆಕ್ಟರ್ ಕೇಳಿದಾಗ ಕಲೆಕ್ಟರ್ ಬಂತು, ತೇವ ಹೋಯಿತು. ಮೊತ್ತಕ್ಕೂ ಇದೇ ಅಪಾಯ, ಲಿಸ್ಟ್ ಹುಟ್ಟುವಾಗ.

ಮೂರಕ್ಕೂ ಪ್ರೊಟೆಕ್ಟ್ ಹಾಕಿ, ಕೊನೆಯಲ್ಲಿ ಅನ್‌ಪ್ರೊಟೆಕ್ಟ್ 3 ಅಂದರೆ ಸರಿಹೋಗುತ್ತದೆ. ಎಣಿಕೆ ತಪ್ಪಿದರೆ ಸ್ಟ್ಯಾಕ್ ಇಂಬ್ಯಾಲೆನ್ಸ್ ಅಂತ ಆರ್ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಯಾವತ್ತೂ ಕಡೆಗಣಿಸಬೇಡಿ. ನನಗೆ ಇಷ್ಟವಾದ ಕ್ರಮ ಬೇರೆ. ಲಿಸ್ಟನ್ನೇ ಮೊದಲು ಹುಟ್ಟಿಸಿ ಪ್ರೊಟೆಕ್ಟ್ ಮಾಡುತ್ತೇನೆ. ಉಳಿದ ಒಂದೊಂದು ವೆಕ್ಟರನ್ನೂ ಹುಟ್ಟಿದ ಕೂಡಲೇ ಲಿಸ್ಟ್ ಒಳಗೆ ಇಡುತ್ತೇನೆ. ಲಿಸ್ಟ್ ಉಳಿದರೆ ಒಳಗಿನದೂ ಉಳಿಯುತ್ತದೆ. ಪ್ರೊಟೆಕ್ಟ್ ಒಂದೇ, ಅನ್‌ಪ್ರೊಟೆಕ್ಟ್ ಒಂದೇ. ಮುಂದೆ ಯಾರಾದರೂ ಹೊಸ ವೆಕ್ಟರ್ ಸೇರಿಸಿದರೂ ಎಣಿಕೆ ತಪ್ಪುವುದಿಲ್ಲ. ಡಾಟ್ ಕಾಲ್‌ಗೆ ನೀವು ಕೊಟ್ಟ ಮಳೆ, ನಾಲೆ ನೀರಿನ ವೆಕ್ಟರ್‌ಗಳಿಗೆ ಪ್ರೊಟೆಕ್ಟ್ ಬೇಡ. ಅವನ್ನು ಆರ್ ಹಿಡಿದುಕೊಂಡಿರುತ್ತದೆ.

ಈಗ ಕೆ.ಆರ್.ಪೇಟೆ. ಫ್ಯಾಕ್ಟರ್ ಅಂದರೆ ಒಳಗೆ 1ರಿಂದ ಶುರುವಾಗುವ ಸಂಖ್ಯೆಗಳು. ಹೆಸರುಗಳು ಅಕ್ಷರ ಕ್ರಮದಲ್ಲಿ ನಿಲ್ಲುತ್ತವೆ. ಇಂಗ್ಲಿಷಿನಲ್ಲಿ ಆದರೆ ಕೆ.ಆರ್.ಪೇಟೆ 1, ಮದ್ದೂರು 2, ಮಳವಳ್ಳಿ 3, ಮಂಡ್ಯ 4, ನಾಗಮಂಗಲ 5, ಪಾಂಡವಪುರ 6, ಶ್ರೀರಂಗಪಟ್ಟಣ 7. ಸಿ ಭಾಷೆಯಲ್ಲಿ ಸ್ಥಾನ ಶುರುವಾಗುವುದು ಸೊನ್ನೆಯಿಂದ, ಏಳು ಮನೆ ಅಂದರೆ 0ರಿಂದ 6. ಒಂದು ಕಳೆಯದೆ ಬಳಸಿದ್ದಾರೆ. ಸೊನ್ನೆಯ ಮನೆಗೆ ಯಾರೂ ಬರುವುದಿಲ್ಲ, ಅದು ಸೊನ್ನೆಯಾಗಿಯೇ ಉಳಿಯುತ್ತದೆ. ಕೆ.ಆರ್.ಪೇಟೆಯ ಮಳೆ ಮದ್ದೂರಿನ ಹೆಸರಿನಲ್ಲಿ ಬರುತ್ತದೆ, ಮದ್ದೂರಿನದು ಮಳವಳ್ಳಿಯ ಹೆಸರಿನಲ್ಲಿ. ಶ್ರೀರಂಗಪಟ್ಟಣದ ಮಳೆ ಏಳನೇ ಸ್ಥಾನಕ್ಕೆ, ಅಂದರೆ ವೆಕ್ಟರಿನ ಹೊರಗೆ ಹೋಗಿ ಬೀಳುತ್ತದೆ. ನಿಮಗೆ ಕಂಡದ್ದು ಒಂದು ಸೊನ್ನೆ. ತಪ್ಪಿರುವುದು ಏಳೂ ತಾಲ್ಲೂಕು.

ವೆಕ್ಟರಿನ ಹೊರಗೆ ಬರೆದರೂ ಯಾಕೆ ಬೀಳಲಿಲ್ಲ ಅಂತ ಕೇಳಬಹುದು. ಇದು ತುಂಬಾ ಮುಖ್ಯ. 128 ಬೈಟ್‌ವರೆಗಿನ ಚಿಕ್ಕ ವೆಕ್ಟರ್‌ಗಳನ್ನು ಆರ್ ಒಂದೊಂದಾಗಿ ಮ್ಯಾಲಕ್‌ನಿಂದ ತರುವುದಿಲ್ಲ. ಗೊತ್ತಾದ ಅಳತೆಯ ತುಂಡುಗಳನ್ನು ಮೊದಲೇ ಮಾಡಿಟ್ಟುಕೊಂಡು ಕೊಡುತ್ತದೆ. ಏಳು ಸಂಖ್ಯೆಗೆ ಬೇಕಾದದ್ದು 56 ಬೈಟ್. ಸಿಗುವ ತುಂಡು 64 ಬೈಟ್. ಕೊನೆಯ 8 ಬೈಟ್ ಖಾಲಿ. ಶ್ರೀರಂಗಪಟ್ಟಣದ ಮಳೆ ಸರಿಯಾಗಿ ಅಲ್ಲಿ ಹೋಗಿ ಕೂರುತ್ತದೆ. ಯಾರನ್ನೂ ತುಳಿಯುವುದಿಲ್ಲ, ಯಾವತ್ತೂ ಬೀಳುವುದಿಲ್ಲ. ಎಂಟು ತಾಲ್ಲೂಕು ಇದ್ದಿದ್ದರೆ ಪಕ್ಕದ ವಸ್ತುವಿನ ತಲೆಯ ಮೇಲೆ ಬರೆಯುತ್ತಿತ್ತು. ಜಿಸಿ-ಟಾರ್ಚರ್ ಇದನ್ನು ಹಿಡಿಯುವುದಿಲ್ಲ, ಸುಮ್ನೆ ಓಡಿಸಿದರೆ ಮೆಮೊರಿ ತಪ್ಪು ಹುಡುಕುವ ವಾಲ್‌ಗ್ರಿಂಡ್ ಕೂಡ ಹಿಡಿಯುವುದಿಲ್ಲ. ಬೀಳುವ ತಪ್ಪಿಗಿಂತ ಇಂಥ ತಪ್ಪಿಗೆ ನಾನು ಜಾಸ್ತಿ ಹೆದರುತ್ತೇನೆ.

ಇದಕ್ಕೆ ಉಪಕರಣ ಬೇಡ, ಸುಳ್ಳು ಡೇಟಾ ಸಾಕು. ತಾಲ್ಲೂಕಿಗೆ ಒಂದೇ ಸಾಲು ಕೊಡಿ. ಮೊದಲ ತಾಲ್ಲೂಕಿಗೆ 1 ಮಿಲಿಮೀಟರ್ ಮಳೆ, ಎರಡನೆಯದಕ್ಕೆ 10, ಮೂರನೆಯದಕ್ಕೆ 100, ಹೀಗೆ ಕೊನೆಯದಕ್ಕೆ 10,00,000. ಉತ್ತರದಲ್ಲಿ ಯಾರ ಮಳೆ ಯಾರ ಮನೆಗೆ ಹೋಯಿತು ಅನ್ನುವುದು ಸೊನ್ನೆ ಎಣಿಸಿದರೆ ತಿಳಿಯುತ್ತದೆ. ಎರಡು ತಾಲ್ಲೂಕು ಒಂದೇ ಮನೆಗೆ ಹೋಗಿ ಸೇರಿದ್ದರೆ ಅದೂ ಕಾಣುತ್ತದೆ.


ಎಲೆತೋಟ, ಮೈಸೂರು

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ವಾಲ್‌ಗ್ರಿಂಡ್ ಆ 8 ಬೈಟ್ ಹಿಡಿಯುವುದಿಲ್ಲ ಅನ್ನುವುದು ಸಾಮಾನ್ಯ ಆರ್‌ಗೆ ನಿಜ. ಆರ್ ಅನ್ನೇ ವಾಲ್‌ಗ್ರಿಂಡ್ ಇನ್‌ಸ್ಟ್ರುಮೆಂಟೇಶನ್ ಎರಡನೇ ಮಟ್ಟ ಕೊಟ್ಟು ಕಂಪೈಲ್ ಮಾಡಿದರೆ ಹಿಡಿಯುತ್ತದೆ. ಆಗ ಯಾವ ಬೈಟ್ ವೆಕ್ಟರಿನದು, ಯಾವುದು ಖಾಲಿ ಅಂತ ಆರ್ ತಾನೇ ವಾಲ್‌ಗ್ರಿಂಡ್‌ಗೆ ಹೇಳುತ್ತದೆ. ನೀವೇ ಕಂಪೈಲ್ ಮಾಡಬೇಕಿಲ್ಲ. ಆರ್-ಡೀಬಗ್ ಅಂತ ಡಾಕರ್ ಇಮೇಜ್ (ಎಲ್ಲ ಜೋಡಿಸಿಟ್ಟ ಸಿದ್ಧ ಪೊಟ್ಟಣ) ಸಿಗುತ್ತದೆ. ಅದರಲ್ಲಿ ವಾಲ್‌ಗ್ರಿಂಡ್‌ಗೆ ಒಂದು ಆರ್, ಅದೇ ಥರದ ಕೆಲಸ ಮಾಡುವ ಅಡ್ರೆಸ್ ಸ್ಯಾನಿಟೈಸರ್‌ಗೆ ಒಂದು ಆರ್, ಹೀಗೆ ಬೇರೆ ಬೇರೆ ಆರ್ ಸಿದ್ಧವಾಗಿವೆ. ಇಮೇಜ್ ದೊಡ್ಡದು, ಮೊಬೈಲ್ ಡೇಟಾದಲ್ಲಿ ಇಳಿಸಲು ಹೋಗಬೇಡಿ.

ಪ್ರೊಟೆಕ್ಟ್ ತಪ್ಪಿಗೆ ಆರ್‌ಚೆಕ್ ಅನ್ನುವ ಉಪಕರಣವೂ ಇದೆ. ಆರ್ ಭಾಷೆಯನ್ನು ನೋಡಿಕೊಳ್ಳುವ ಆರ್ ಕೋರ್ ತಂಡದ ಟೊಮಾಸ್ ಕಾಲಿಬೆರಾ ಬರೆದದ್ದು. ಕೋಡ್ ಓಡಿಸದೆ, ಓದಿಯೇ ಎಲ್ಲಿ ಪ್ರೊಟೆಕ್ಟ್ ತಪ್ಪಿರಬಹುದು ಅಂತ ಹೇಳುತ್ತದೆ. ಆರ್ ಪ್ಯಾಕೇಜ್‌ಗಳ ಭಂಡಾರವಾದ ಕ್ರಾನ್‌ನಲ್ಲಿ ಪ್ಯಾಕೇಜ್ ಪರೀಕ್ಷಿಸುವಾಗ ಇದನ್ನೂ ಬಳಸುತ್ತಾರೆ. ಜಿಸಿ-ಟಾರ್ಚರ್ ಹಿಡಿಯುವುದು ನಿಮ್ಮ ಡೇಟಾ ಹೋದ ದಾರಿಯಲ್ಲಿರುವ ತಪ್ಪನ್ನು ಮಾತ್ರ. ಇದು ಹೋಗದ ದಾರಿಯನ್ನೂ ನೋಡುತ್ತದೆ.


ಕುಕ್ಕರಹಳ್ಳಿದಡ, ಮೈಸೂರು

ಫ್ಯಾಕ್ಟರ್ ವಿಷಯ ಓದಿ ನಾನು ಹೇಳಿದ್ದನ್ನು ಯೋಚಿಸಿದೆ. ಹೌದು, ಆರ್‌ಸಿಪಿಪಿಗೆ ಬರೆದಿದ್ದರೂ ಮೊತ್ತ ಹೀಗೇ ಸರಿದಿರುತ್ತಿತ್ತು. ಆ 1, 10, 100ರ ಪರೀಕ್ಷೆಯನ್ನು ನಮ್ಮ ಕೋಡ್‌ಗೂ ಹಾಕುತ್ತೇನೆ.


ನಾಲೆಬಯಲು, ಮಂಡ್ಯ

ಹಾಕಿ ನೋಡಿದೆ. ಕೆ.ಆರ್.ಪೇಟೆಗೆ 0, ಮದ್ದೂರಿಗೆ 1, ಮಳವಳ್ಳಿಗೆ 10, ಹೀಗೇ ಹೋಗಿ ಶ್ರೀರಂಗಪಟ್ಟಣಕ್ಕೆ 1,00,000. ಹತ್ತು ಲಕ್ಷ ಎಲ್ಲೂ ಇಲ್ಲ. ಅಸಲಿ ಡೇಟಾ ನೋಡಿ ಇದನ್ನು ಕಂಡುಹಿಡಿಯಲು ಸಾಧ್ಯವೇ ಇರಲಿಲ್ಲ. ಮದ್ದೂರಿನ ಮಳೆಯೂ ಮಳವಳ್ಳಿಯ ಮಳೆಯೂ ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ.

ಪ್ರೊಟೆಕ್ಟ್‌ಗೆ ಲಿಸ್ಟ್ ಮೊದಲು ಹುಟ್ಟಿಸುವ ಕ್ರಮವನ್ನೇ ಬಳಸಿದೆ. ಜಿಸಿ-ಟಾರ್ಚರ್ ಆನ್ ಇಟ್ಟು ಚಿಕ್ಕ ಡೇಟಾ ಪೂರ್ತಿ ಓಡಿತು. ಸ್ಥಾನದಿಂದ ಒಂದು ಕಳೆದೆ, ಏಳೂ ತಾಲ್ಲೂಕು ತಮ್ಮ ತಮ್ಮ ಮನೆಗೆ ಬಂದವು. ಆದರೆ ಜಿಲ್ಲೆಯ ಪೂರ್ತಿ ಡೇಟಾ ಕೊಟ್ಟರೆ ಇನ್ನೂ ಬೀಳುತ್ತದೆ. ಈಗ ಒಂದು ವ್ಯತ್ಯಾಸ ಇದೆ. ಪ್ರತಿ ಸಲ ಒಂದೇ ಸಾಲಿನಲ್ಲಿ ಬೀಳುತ್ತದೆ. ಜಿಡಿಬಿಯಲ್ಲಿ ಆ ಫ್ರೇಮ್‌ಗೆ ಹೋಗಿ ತಾಲ್ಲೂಕಿನ ಸಂಖ್ಯೆ ಪ್ರಿಂಟ್ ಮಾಡಿದರೆ ಮೈನಸ್ 2147483648 ಬಂತು. ಡೇಟಾದಲ್ಲಿ ಆ ಸಾಲು ತೆಗೆದು ನೋಡಿದೆ. ಈಗ ಹೊಸದಾಗಿ ಸೇರಿಸಿದ ಒಂದು ಕೇಂದ್ರದವರು ಪಾಂಡವಪುರದ ಸ್ಪೆಲಿಂಗ್ ಬೇರೆ ಥರ ಬರೆದಿದ್ದಾರೆ.


ಸಂಪಿಗೆಮರ, ಮೈಸೂರು

ಈಗ ನೀವೇ ಹಿಡಿದಿದ್ದೀರಿ, ಚೆನ್ನಾಗಿದೆ. ಆ ಸಂಖ್ಯೆ ಇಂಟಿಜರ್ ಎನ್ಎ, ಅಂದರೆ ಬೆಲೆ ಇಲ್ಲ ಅನ್ನುವ ಗುರುತು. ಆರ್ ತನ್ನ ಎನ್ಎಯನ್ನು ಇಂಟಿಜರ್‌ನ ಅತಿ ಚಿಕ್ಕ ಬೆಲೆಯಾಗಿ ಇಡುತ್ತದೆ. ಸಿ ಭಾಷೆಗೆ ಎನ್ಎ ಅಂದರೆ ಏನೂ ಗೊತ್ತಿಲ್ಲ, ಅದಕ್ಕೆ ಅದೊಂದು ಸಂಖ್ಯೆ. ಏಳು ಹೆಸರು ಕೊಟ್ಟು ಫ್ಯಾಕ್ಟರ್ ಮಾಡಿದ್ದೀರಿ, ಆ ಏಳರಲ್ಲಿ ಇಲ್ಲದ ಸ್ಪೆಲಿಂಗ್ ಎನ್ಎ ಆಗಿದೆ. ಸಿ ಕಡೆ ಅದು ಸುಮಾರು 16 ಗಿಗಾಬೈಟ್ ದೂರ ಹೋಗಿ ಬರೆಯಲು ನೋಡಿದೆ.

ಒಂದು ಕಳೆಯುವುದಕ್ಕೆ ಮೊದಲೇ ಎನ್ಎ ಇದೆಯಾ ಅಂತ ನೋಡಿ, ಕಳೆದ ಮೇಲಲ್ಲ. ಅತಿ ಚಿಕ್ಕ ಸಂಖ್ಯೆಯಿಂದ ಒಂದು ಕಳೆದರೆ ಏನಾಗಬೇಕು ಅಂತ ಸಿ ಭಾಷೆಯ ನಿಯಮದಲ್ಲೇ ಇಲ್ಲ, ಕಂಪೈಲರ್ ಏನು ಬೇಕಾದರೂ ಮಾಡಬಹುದು. ಎನ್ಎ ಇದ್ದರೆ ಅಥವಾ 1ರಿಂದ 7ರ ಒಳಗೆ ಇಲ್ಲದಿದ್ದರೆ, ಡೇಟಾದ ಎಷ್ಟನೇ ಸಾಲು ಅಂತ ಹೇಳಿ ಆರ್‌ನ ಎರರ್ ಫಂಕ್ಷನ್‌ನಿಂದ ನಿಲ್ಲಿಸಿ. ಸಾಲಿನ ಸಂಖ್ಯೆಗೆ ಒಂದು ಕೂಡಿಸಲು ಮರೆಯಬೇಡಿ, ಓದುವವರು ಆರ್‌ನಲ್ಲಿರುತ್ತಾರೆ. ಎರರ್ ಆದಾಗ ಪ್ರೊಟೆಕ್ಟ್ ಸ್ಟ್ಯಾಕನ್ನು ಆರ್ ತಾನೇ ಸರಿಮಾಡಿಕೊಳ್ಳುತ್ತದೆ. ನೀವು ಮ್ಯಾಲಕ್‌ನಿಂದ ತಂದ ಮೆಮೊರಿ ಇದ್ದರೆ ಮಾತ್ರ ಅದು ಸೋರಿಹೋಗುತ್ತದೆ. ಅಂಥ ಕಡೆ ಆರ್-ಅಲಕ್ ಬಳಸಿ, ಕರೆ ಮುಗಿದ ಮೇಲೆ ಅದನ್ನು ಆರ್ ಬಿಡುಗಡೆ ಮಾಡುತ್ತದೆ.

ಮಳೆಯ ಕಾಲಂನಲ್ಲೂ ಎನ್ಎ ಇರುತ್ತದೆ, ಅಲ್ವಾ? ಅಲ್ಲಿ ನಡೆಯುವುದೇ ಬೇರೆ. ಡಬಲ್‌ನ (ದಶಮಾಂಶ ಸಂಖ್ಯೆಯ) ಎನ್ಎ ಒಳಗೆ ನ್ಯಾನ್, ಅಂದರೆ ಸಂಖ್ಯೆಯಲ್ಲ ಅನ್ನುವ ಬೆಲೆ. ಅದನ್ನು ಕೂಡಿದರೆ ಬೀಳುವುದಿಲ್ಲ, ಮುಂದಿನ ಎಲ್ಲ ದಿನಗಳೂ ನ್ಯಾನ್ ಆಗುತ್ತವೆ. ಆದರೆ ಮಣ್ಣು ತುಂಬಿದೆಯಾ ಅಂತ ಹೋಲಿಸುವ ಸಾಲು ಇದ್ದರೆ ನ್ಯಾನ್ ಜೊತೆಗಿನ ಹೋಲಿಕೆ ಸುಳ್ಳು ಅಂತಲೇ ಬರುತ್ತದೆ, ಎಲ್ಸ್ (ಇಲ್ಲದಿದ್ದರೆ ಅನ್ನುವ) ಭಾಗ ಓಡುತ್ತದೆ. ಅಲ್ಲಿ ಏನು ಬರೆದಿದ್ದಾರೆ ನೋಡಿ. ಕೇಂದ್ರ ಒಂದು ದಿನ ವರದಿ ಕೊಡದಿದ್ದರೆ ಏನು ಮಾಡಬೇಕು ಅನ್ನುವುದನ್ನು ನೀರಾವರಿ ಗೊತ್ತಿರುವ ನೀವು ತೀರ್ಮಾನಿಸಬೇಕು, ಸಿ ಕಂಪೈಲರ್ ಅಲ್ಲ.

ಎಲ್ಲ ಮುಗಿದ ಮೇಲೆ ಓ-ಎರಡು ವಾಪಸ್ ಹಾಕಿ, ಅದರಲ್ಲೂ ಒಮ್ಮೆ ಜಿಸಿ-ಟಾರ್ಚರ್ ಓಡಿಸಿ. ಇನ್ನೊಂದು ಕೆಲಸ ಬಾಕಿ ಇದೆ. ಒಂದೊಂದೇ ಕೇಂದ್ರದ ತೇವದ ಲೆಕ್ಕ ಈಗಾಗಲೇ ಯಾರಿಗಾದರೂ ಕೊಟ್ಟಿದ್ದರೆ, ಹೊಸ ಕೋಡ್‌ನಿಂದ ಮತ್ತೆ ತೆಗೆದು ಐಡೆಂಟಿಕಲ್ ಫಂಕ್ಷನ್‌ನಿಂದ ಹೋಲಿಸಿ. ಆ ವೆಕ್ಟರ್ ಕೂಡ ಪ್ರೊಟೆಕ್ಟ್ ಇಲ್ಲದೆಯೇ ಓಡಿದ್ದು.


ನಾಲೆಬಯಲು, ಮಂಡ್ಯ

ಎಲ್ಸ್ ಭಾಗದಲ್ಲಿ ಮಣ್ಣಿನ ತೇವವನ್ನು ಪೂರ್ತಿ ತುಂಬಿದ ಮಟ್ಟಕ್ಕೆ ಇಟ್ಟಿದ್ದಾರೆ ಮೇಡಂ. ಅಂದರೆ ವರದಿ ಬಾರದ ದಿನ ಗದ್ದೆ ತುಂಬಿದೆ ಅಂತ ಲೆಕ್ಕ. ಇದನ್ನು ಬದಲಾಯಿಸಿ, ವರದಿ ಇಲ್ಲದ ದಿನಕ್ಕೆ ಎನ್ಎ ಇಟ್ಟು, ಮಾರನೇ ದಿನ ಹಿಂದಿನ ತೇವದಿಂದಲೇ ಮುಂದುವರಿಸುವಂತೆ ಮಾಡುತ್ತಿದ್ದೇನೆ. ಆ ಅಂತರವನ್ನು ಪಟ್ಟಿಯಲ್ಲೂ ಗುರುತು ಹಾಕುತ್ತೇನೆ.

ಹಳೆಯ ಲೆಕ್ಕ ಎರಡು ಕಡೆ ಹೋಗಿದೆ. ಇಬ್ಬರಿಗೂ ಫೋನ್ ಮಾಡಿ, ಹೊಸ ಪಟ್ಟಿ ಬರುವವರೆಗೆ ಅದನ್ನು ಬಳಸಬೇಡಿ ಅಂತ ಹೇಳಿದ್ದೇನೆ. ಹೋಲಿಕೆ ಈಗ ಓಡುತ್ತಿದೆ. ಯಾವ ಕೇಂದ್ರದಲ್ಲಿ ಎಷ್ಟು ವ್ಯತ್ಯಾಸ ಬಂತು ಅಂತ ಮುಗಿದ ಮೇಲೆ ಇಲ್ಲೇ ಹಾಕುತ್ತೇನೆ.